ಖಾರದ ಪ್ರಮಾಣ

ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಸೆಲ್ಸಿಯಸ್ಸಿನ ಮಟ್ಟವನ್ನು ಮುಟ್ಟುವುದೂ, ಕೆಲವು ದಿನ ಅದನ್ನು ಮೀರುವುದೂ ಈ ಪ್ರಾಂತದವರಿಗೆ ಚಿರಪರಿಚಿತವಾದ ಸಂಗತಿ. ಕರಿಯ ನೆಲ ಬಿರಿದು, ಗಾಳಿಯಲ್ಲಿನ ತೇವವೆಲ್ಲ ಇಂಗಿ, ಮಧ್ಯಾಹ್ನದ ವೇಳೆಗೆ ಪೇಟೆಯ ಬೀದಿಗಳೂ ನಿರ್ಜನವಾಗುವ ಆ ದಿನಗಳಲ್ಲಿಯೇ, ವರ್ಷದ ಖಾರವನ್ನು ಕುಟ್ಟಿಸಲೆಂದು ಕೊಂಡು ತಂದ ಕೆಂಪು ಮೆಣಸಿನಕಾಯಿ ಮನೆಮನೆಯ ಮಾಳಿಗೆಯ ಮೇಲೆ ಹರಡಿಕೊಂಡಿರುತ್ತದೆ. ಆಕಾಶದಿಂದ ಇಳಿಯುವ ಉರಿಯೂ ಮಾಳಿಗೆಯ ಮೇಲೆ ಒಣಗುತ್ತಿರುವ ಉರಿಯೂ ಬೇರೆ ಬೇರೆ ಜಾತಿಯವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಮನುಷ್ಯನ ನರತಂತುವಿಗೆ ಅವೆರಡರಲ್ಲಿ ಭೇದವಿಲ್ಲವೆಂಬುದು 1997ರಲ್ಲಿ ಸಿದ್ಧಪಟ್ಟಿತು. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ಮೆಣಸಿನಕಾಯಿಯ ಸತ್ತ್ವವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯವು ದೇಹದಲ್ಲಿ ಯಾವ ದ್ವಾರವನ್ನು ತಟ್ಟುತ್ತದೆ ಎಂಬುದನ್ನು ಶೋಧಿಸುತ್ತ ಹೋಗಿ, ನರಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನನ್ನು ಕಂಡುಹಿಡಿದರು. ಇಂದು ಟಿಆರ್‌ಪಿವಿ1 ಎಂದು ಕರೆಯಲ್ಪಡುವ ಆ ಪ್ರೋಟೀನು ಸುಮಾರು 43 ಡಿಗ್ರಿಗೆ ಮೇಲ್ಪಟ್ಟ ಶಾಖ ತಾಗಿದಾಗ ತೆರೆದುಕೊಂಡು ‘ಸುಡುತ್ತಿದೆ’ ಎಂಬ ವಾರ್ತೆಯನ್ನು ಮಿದುಳಿಗೆ ಕಳುಹಿಸುವಂಥದು, ಮತ್ತು ಕ್ಯಾಪ್ಸೈಸಿನ್ ತಾಗಿದಾಗ ಯಾವ ಶಾಖವೂ ಇಲ್ಲದೆಯೇ ಅದೇ ವಾರ್ತೆಯನ್ನು ಕಳುಹಿಸುವಂಥದು. ಈ ಶೋಧನೆಗಾಗಿ ಜೂಲಿಯಸ್ ಅವರು 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಆರ್ಡೆಮ್ ಪಟಪೂಟಿಯನ್ ಅವರೊಡನೆ ಹಂಚಿಕೊಂಡರು.

ನಮ್ಮ ಪ್ರಾಚೀನರು ಷಡ್ರಸಗಳಲ್ಲಿ ಒಂದೆಂದು ಎಣಿಸಿದ ಕಟುವು ಆಧುನಿಕ ಶರೀರಶಾಸ್ತ್ರದ ಗಣನೆಯಲ್ಲಿ ರಸವೇ ಅಲ್ಲ, ವೇದನೆ. ಆದಕಾರಣವೇ ಅದು ನಾಲಗೆಯಲ್ಲಿ ಮಾತ್ರವಲ್ಲದೆ ಕಣ್ಣಿನಲ್ಲಿ, ಮೂಗಿನಲ್ಲಿ, ಉಗುರಿನ ಸಂದಿನಲ್ಲಿ, ಗಾಯಗೊಂಡ ಚರ್ಮದಲ್ಲಿಯೂ ಅನುಭವಕ್ಕೆ ಬರುತ್ತದೆ. ಹಾಗೆಂದು ಪ್ರಾಚೀನರ ಎಣಿಕೆ ತಪ್ಪೆನ್ನುವ ಧಾರ್ಷ್ಟ್ಯ ಬೇಡ. ಊಟದ ಎಲೆಯ ಮುಂದೆ ಕುಳಿತವನಿಗೆ ಸಿಹಿ, ಹುಳಿ, ಉಪ್ಪುಗಳೊಡನೆ ಸಮಾನಾಸನದಲ್ಲಿ ಕುಳಿತುಕೊಳ್ಳುವ ಅನುಭವ ಅದಾಗಿದ್ದುದರಿಂದ ಅವರು ಅದನ್ನು ರಸವೆಂದರು. ಅವರ ತ್ರಿಕಟುವಿನಲ್ಲಿ ಸೇರಿದ್ದ ಶುಂಠಿ, ಕರಿಮೆಣಸು, ಹಿಪ್ಪಲಿಗಳೂ ಈಗ ಹೇಳಿದ ಅದೇ ದ್ವಾರವನ್ನೇ ತಟ್ಟುತ್ತವೆ, ಕ್ಯಾಪ್ಸೈಸಿನ್ನಿಗಿಂತ ಎಷ್ಟೋ ಮೃದುವಾಗಿ.

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ನೆನೆಯದೆ ಮುಂದೆ ಹೋಗಲಾಗದು. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಷಯ ಬರುತ್ತದೆ; 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿಸ್ತಾರವಾದ ವರ್ಣನೆಯಿದೆ; 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಕನ್ನಡ ಗ್ರಂಥವನ್ನೇ ಅಡುಗೆಗೆ ಮೀಸಲಾಗಿರಿಸಿದನು. ಈ ಮೂರರಲ್ಲಿ ಯಾವುದರಲ್ಲಿಯೂ ನಾವು ಇಂದು ಮೆಣಸಿನಕಾಯಿ ಎಂದು ಕರೆಯುವ ವಸ್ತುವಿಲ್ಲ, ಇರುವುದು ಶಕ್ಯವೂ ಇರಲಿಲ್ಲ. ಅದು ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕಗಳ ಸಸ್ಯ, ಕೊಲಂಬಸನು 1492ರಲ್ಲಿ ಅತ್ತ ಯಾನಮಾಡಿದ ಮೇಲೆ ಹಳೆಯ ಜಗತ್ತಿಗೆ ಬಂದು, ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ತೀರವನ್ನು ಸೇರಿದುದು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾದಾಗ, 1400ರ ಆಸುಪಾಸಿನಲ್ಲಿ ಖ್ವಾಜಾ ಬಂದೇ ನವಾಜರು ದೆಹಲಿಯಿಂದ ಈ ನಗರಕ್ಕೆ ಬಂದಾಗ, 1422ರಲ್ಲಿ ಅವರು ಇಲ್ಲಿಯೇ ದೇಹವಿಟ್ಟಾಗ, ಈ ಊರಿನ ಯಾವ ಒಲೆಯ ಮೇಲೆಯೂ ಮೆಣಸಿನಕಾಯಿ ಬೆಂದಿರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಸಿದುಕೊಂಡುದು ವಿಜಾಪುರದ ಆದಿಲಶಾಹಿಗಳಿಂದ. ಆ ಗಡಿಯ ಮೂಲಕವೇ ಕಡಲಾಚೆಯ ಈ ಬೀಜ ನಮ್ಮ ಬಯಲುಸೀಮೆಯನ್ನು ಹೊಕ್ಕಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಹೀಗೆ ಅತಿಥಿಯಾಗಿ ಬಂದ ಕಾಯಿ ನಾಲ್ಕೈದು ಶತಮಾನಗಳೊಳಗಾಗಿ ಜೋಳದ ರೊಟ್ಟಿಗೆ ಅವಿಭಾಜ್ಯ ಸಂಗಾತಿಯಾಗಿ, ಶೇಂಗಾಹಿಂಡಿಯಾಗಿ, ಕೆಂಪಿಂಡಿಯಾಗಿ, ಪುಂಡಿಪಲ್ಯದ ಒಳಗಿನ ಕಿಚ್ಚಾಗಿ, ಉಪ್ಪಿನೊಡನೆ ನಿವಾಳಿಸಿ ಒಲೆಗೆ ಹಾಕಿದರೆ ಮಕ್ಕಳ ದೃಷ್ಟಿ ಕಳೆಯುವ ಸಾಧನವಾಗಿ ಸಹ, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಈ ನಾಡಿನ ಎಲ್ಲ ಮನೆಗಳ ಒಳಕ್ಕೆ ಬಂದು ನೆಲೆನಿಂತಿತು.

ಮೋಮಿನಪುರವು ಕಲಬುರಗಿಯ ಹಳೆಯ ವಸತಿಗಳಲ್ಲಿ ಒಂದು. ದಖನಿ ಉರ್ದುವೂ ಕನ್ನಡವೂ ಒಂದೇ ಮಾತಿನೊಳಗೆ ಬೆರೆತು ಬರುವ ಇಂಥ ಮೊಹಲ್ಲಾಗಳ ಪಾಕಪದ್ಧತಿಯಲ್ಲಿ, 1948ರವರೆಗೆ ಈ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ಸಂಸ್ಕಾರವೂ, ಜೋಳ ತೊಗರಿ ಕುಸುಬೆಗಳ ಈ ನೆಲದ ಸ್ವಭಾವವೂ ಕೂಡಿಕೊಂಡಿವೆ. ಬೆಳಗಿನ ಹೊತ್ತು ಹಬೆಯಾಡುವ ಹಂಡೆಯಿಂದ ಬಡಿಸುವ ತಹರಿಯನ್ನು ತೆಗೆದುಕೊಳ್ಳಿ: ಅರಿಸಿನದ ಬಣ್ಣ ಹೊತ್ತ ಅನ್ನ, ಅದರೊಡನೆ ಬೆಂದ ಮಾಂಸ, ಹಸಿಮೆಣಸಿನಕಾಯಿಯ ಖಾರ, ಪಕ್ಕದಲ್ಲಿ ಹುಣಿಸೆಯ ಖಟ್ಟಾ. ಮದುವೆಯ ಊಟಗಳಲ್ಲಿ ಕಾಣುವ ಮಿರ್ಚಿ ಕಾ ಸಾಲನ್ ಎಂಬ ವ್ಯಂಜನವಂತೂ ಇಡೀ ಹಸಿಮೆಣಸಿನಕಾಯಿಗಳನ್ನೇ ಪ್ರಧಾನ ವಸ್ತುವನ್ನಾಗಿ ಮಾಡಿಕೊಂಡದ್ದು. ಹೊರಗಿನವನು ಇದನ್ನು ನೋಡಿ ಬೆದರುವುದುಂಟು. ಆದರೆ ಬಡಿಸಿದ ಮೇಲೆ ಅವನ ಭಯ ಬಹುಮಟ್ಟಿಗೆ ನಿರಾಧಾರವೆಂದು ತೋರುತ್ತದೆ, ಏತಕ್ಕೆಂದರೆ ಆ ಕಾಯಿಗಳನ್ನು ಆವರಿಸಿಕೊಂಡಿರುವುದು ಹುರಿದು ಅರೆದ ಶೇಂಗಾ, ಎಳ್ಳು, ಕೊಬ್ಬರಿಗಳ ಸ್ನಿಗ್ಧವಾದ ರಸ, ಅದರ ಮೇಲೆ ತೇಲುವ ಎಣ್ಣೆ, ಅದರೊಳಗೆ ಕರಗಿದ ಹುಣಿಸೆ. ಇದೆಲ್ಲ ಕೇವಲ ರುಚಿಯ ಅಲಂಕಾರವೆಂದು ತಿಳಿಯಲಾಗದು. ಇದರ ಹಿಂದೆ ಒಂದು ರಸಾಯನಶಾಸ್ತ್ರವಿದೆ, ಮತ್ತು ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಶಾಸ್ತ್ರಕ್ಕೆ ಸಂಬಂಧಪಟ್ಟುದೇ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಕೊಬ್ಬಿನಲ್ಲಿ ಕರಗುತ್ತದೆ. ಖಾರ ಹತ್ತಿದವನು ನೀರು ಕುಡಿದರೆ ಉರಿ ಬಾಯಿತುಂಬ ಹರಡಿಕೊಳ್ಳುವುದಲ್ಲದೆ ಶಮನವಾಗದೆ ಇರುವುದೂ, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳು ಉಪಶಮನವನ್ನು ಕೊಡುವುದೂ ಇದರಿಂದಲೇ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನಿನ ಕಣಗಳನ್ನು ಹಿಡಿದುಕೊಂಡು ನಾಲಗೆಯಿಂದ ಒಯ್ಯುತ್ತದೆಂಬುದು ಇದಕ್ಕೆ ಕೂಡುವ ಮತ್ತೊಂದು ಕಾರಣ. ಸಕ್ಕರೆಯೂ ತಕ್ಕಮಟ್ಟಿಗೆ ಉರಿಯನ್ನು ತಗ್ಗಿಸುತ್ತದೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ಕಮಲಾಪುರದ ಕೆಂಪುಬಾಳೆ, ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದ ಹಣ್ಣು. ಖಾರದ ಊಟದ ಮೇಲೆ ಆ ಸ್ನಿಗ್ಧಮಧುರವಾದ ಹಣ್ಣೊಂದನ್ನು ತಿನ್ನುವುದಕ್ಕಿಂತ ಉಚಿತವಾದ ಉಪಸಂಹಾರ ಈ ಭಾಗದಲ್ಲಿ ಬೇರೊಂದಿಲ್ಲವೆಂದು ನನ್ನ ಭಾವನೆ. ಹುಳಿಯ ವಿಷಯ ಮಾತ್ರ ಸ್ವಲ್ಪ ಭಿನ್ನ: ಆಮ್ಲವು ನರದ ಆ ದ್ವಾರವನ್ನು ಇನ್ನಷ್ಟು ಸುಲಭವಾಗಿ ತೆರೆಯುವಂತೆ ಮಾಡುತ್ತದೆಯೇ ಹೊರತು ಮುಚ್ಚುವುದಿಲ್ಲ, ಪದಾರ್ಥದ ಬಿಸಿಯೂ ಹಾಗೆಯೇ, ಹಂಡೆಯಿಂದ ಆಗತಾನೆ ತೆಗೆದ ತಹರಿ ಆರಿದ ತಹರಿಗಿಂತ ಖಾರವೆನಿಸುವುದು ಭ್ರಾಂತಿಯಲ್ಲ. ಆದರೂ ಹುಣಿಸೆ ಬಾಯಲ್ಲಿ ಲಾಲಾರಸವನ್ನು ಧಾರಾಳವಾಗಿ ಹರಿಸಿ ಬಾಯನ್ನು ತೊಳೆಯುತ್ತದೆ, ಪುಂಡಿಪಲ್ಯದ ಹುಳಿಯೂ ಅದನ್ನೇ ಮಾಡುತ್ತದೆ. ಇನ್ನು ಕಲಬುರಗಿಯ ಶುಷ್ಕವಾದ ಗಾಳಿಯಲ್ಲಿ ಖಾರ ತಿಂದು ಹಣೆಯ ಮೇಲೆ ಮೂಡಿದ ಬೆವರು ಒಡನೆಯೇ ಆವಿಯಾಗಿ ಮೈಯನ್ನು ತಂಪುಗೊಳಿಸುವುದರಿಂದ, ಕಡಲತೀರದ ತೇವದಲ್ಲಿ ಸಿಕ್ಕದ ಒಂದು ಸುಖ ಇಲ್ಲಿ ಸಿಕ್ಕುತ್ತದೆ.

ಇಂಥ ದ್ರವ್ಯವನ್ನು ಒಂದು ಗಿಡ ತನ್ನ ಹಣ್ಣಿನಲ್ಲಿ ಏತಕ್ಕಾಗಿ ಸಂಗ್ರಹಿಸಬೇಕು? ಪಂಜರದ ಗಿಳಿಗೆ ಹಸಿಮೆಣಸಿನಕಾಯಿ ತಿನ್ನಿಸುವ ರೂಢಿ ನಮ್ಮಲ್ಲಿ ಹಳೆಯದು. ಅದು ನಿರಾತಂಕವಾಗಿ ತಿನ್ನುವುದನ್ನು ನೋಡಿದವರಿಗೆ ಅರ್ಧ ಉತ್ತರ ಆಗಲೇ ದೊರೆತಿದೆ. ಪಕ್ಷಿಗಳ ದೇಹದಲ್ಲಿರುವ ಟಿಆರ್‌ಪಿವಿ1 ಶಾಖವನ್ನು ಗ್ರಹಿಸುತ್ತದೆ, ಕ್ಯಾಪ್ಸೈಸಿನ್ನನ್ನು ಗ್ರಹಿಸುವುದಿಲ್ಲ. ಇಲಿ ಮೊದಲಾದ ಸಸ್ತನಿಗಳು ದವಡೆಹಲ್ಲಿನಿಂದ ಬೀಜವನ್ನು ಅರೆದು ನಾಶಮಾಡುತ್ತವೆ. ಹಲ್ಲಿಲ್ಲದ ಹಕ್ಕಿಗಳು ಅದನ್ನು ನುಂಗಿ, ದೂರ ಹಾರಿ, ಮೊಳೆಯುವ ಸ್ಥಿತಿಯಲ್ಲಿಯೇ ವಿಸರ್ಜಿಸುತ್ತವೆ. ಜೋಷುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಎಂಬವರು ಇದನ್ನು 2001ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು. ತರುವಾಯ ಬೊಲಿವಿಯದ ಕಾಡುಮೆಣಸಿನಕಾಯಿಗಳನ್ನು ಪರೀಕ್ಷಿಸಿ, ಕೀಟಗಳು ಚುಚ್ಚಿದ ರಂಧ್ರಗಳಿಂದ ಹೊಕ್ಕು ಬೀಜವನ್ನು ಕೊಳೆಯಿಸುವ ಫ್ಯುಸೇರಿಯಂ ಎಂಬ ಬೂಷ್ಟನ್ನು ಕ್ಯಾಪ್ಸೈಸಿನ್ ತಡೆಯುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟ್ಯೂಕ್ಸ್‌ಬರಿಯವರು ತಿಳಿಸಿದರು. ಕೊಡಗು ಮಲೆನಾಡುಗಳ ಕಾಫಿತೋಟಗಳಲ್ಲಿ ಯಾರೂ ಬಿತ್ತದೆ ಹುಟ್ಟಿಕೊಳ್ಳುವ ಪುಟ್ಟ ಸೂಜಿಮೆಣಸು ಹಕ್ಕಿಗಳ ಈ ಕೃಷಿಗೆ ನಮ್ಮ ನಾಡಿನಲ್ಲಿಯೇ ದೊರೆಯುವ ನಿದರ್ಶನ. ಆಕಾಶಕ್ಕೆ ಮುಖಮಾಡಿ ನಿಲ್ಲುವ ಅದರ ಕೆಂಪು ಹಣ್ಣು ಹಕ್ಕಿಯ ಕಣ್ಣಿಗಾಗಿಯೇ ನಿಂತಂತಿರುತ್ತದೆ.

ಖಾರವಿರುವುದು ಬೀಜದಲ್ಲಿ ಎಂಬ ನಂಬಿಕೆ ಬಹುಜನರಲ್ಲಿದೆ. ವಸ್ತುತಃ ಕ್ಯಾಪ್ಸೈಸಿನ್ ಉತ್ಪತ್ತಿಯಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ನಡುತಿರುಳಿನಲ್ಲಿ. ಬೀಜಗಳಿಗೆ ಅದು ಸವರಿಕೊಂಡಿರುತ್ತದೆಯಷ್ಟೆ. ಸಾಮಾನ್ಯವಾದ ಮೆಣಸಿನಕಾಯಿಯ ಮಾತು ಇದು. ಈಚಿನ ಅತ್ಯುಗ್ರ ತಳಿಗಳಲ್ಲಿ ಹಣ್ಣಿನ ಗೋಡೆಯ ಒಳಮೈಯಲ್ಲಿಯೂ ಆ ದ್ರವ್ಯವನ್ನು ತುಂಬಿಕೊಂಡ ಗುಳ್ಳೆಗಳು ಎದ್ದಿರುತ್ತವೆಂದು ನ್ಯೂ ಮೆಕ್ಸಿಕೋ ರಾಜ್ಯ ವಿಶ್ವವಿದ್ಯಾಲಯದ ಪಾಲ್ ಬಾಸ್‌ಲ್ಯಾಂಡ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದಕಾರಣ ಅವುಗಳ ತಿರುಳನ್ನೂ ಬೀಜವನ್ನೂ ತೆಗೆದು ಹಾಕಿದರೂ ಅಪಾಯ ಉಳಿದೇ ಇರುತ್ತದೆ.

ಈಗ ಮಾಪನದ ವಿಷಯಕ್ಕೆ ಬರೋಣ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧಶಾಸ್ತ್ರಜ್ಞನು, ನೋವಿನ ಲೇಪಗಳಿಗೆ ಬಳಸುವ ಮೆಣಸಿನಕಾಯಿಯ ಉಗ್ರತೆ ಒಂದೊಂದು ಸಲ ಒಂದೊಂದು ಬಗೆಯಾಗಿ ಇರುವುದರಿಂದ ಉಂಟಾಗುತ್ತಿದ್ದ ತೊಡಕನ್ನು ನಿವಾರಿಸುವುದಕ್ಕಾಗಿ, ಒಣಗಿದ ಕಾಯಿಯ ಸತ್ತ್ವವನ್ನು ಮದ್ಯಸಾರದಲ್ಲಿ ಇಳಿಸಿ, ಅದನ್ನು ಸಕ್ಕರೆನೀರಿನಲ್ಲಿ ಬೆರೆಸುತ್ತ ಬೆರೆಸುತ್ತ, ರುಚಿನೋಡುವವರ ಮಂಡಲಿಗೆ ಖಾರ ಇನ್ನು ಗೊತ್ತಾಗುವುದಿಲ್ಲವೆಂಬ ಹಂತ ಬರುವವರೆಗೆ ಎಷ್ಟು ಪಟ್ಟು ನೀರು ಬೇಕಾಯಿತು ಎಂಬುದನ್ನೇ ಆ ಕಾಯಿಯ ಪ್ರಮಾಣಸಂಖ್ಯೆಯನ್ನಾಗಿ ಹೇಳುವ ಕ್ರಮವನ್ನು ಏರ್ಪಡಿಸಿದನು. ಮನುಷ್ಯನ ನಾಲಗೆ ಖಾರಕ್ಕೆ ಬೇಗ ದಣಿಯುತ್ತದೆ, ಒಬ್ಬನ ನಾಲಗೆಯಂತೆ ಇನ್ನೊಬ್ಬನದಿಲ್ಲ. ಈ ದೌರ್ಬಲ್ಯವನ್ನು ಕಡಮೆಮಾಡುವ ದಿಶೆಯಲ್ಲಿ ಗಣನೀಯವಾದ ಕೆಲಸ ನಡೆದುದು ನಮ್ಮ ಮೈಸೂರಿನಲ್ಲಿ ಎಂಬುದನ್ನು ಕನ್ನಡ ವಾಚಕರು ತಿಳಿದಿರಬೇಕು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿ. ಎಸ್. ಗೋವಿಂದರಾಜನ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ 1977ರಲ್ಲಿ ಸ್ಕೋವಿಲ್ ಪರೀಕ್ಷೆಗೆ ಒಂದು ಪ್ರಮಾಣೀಕೃತ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದಕ್ಕೆ ಮೆಣಸಿನಕಾಯಿಯ ಉತ್ಪಾದನೆ, ರಸಾಯನ, ಗುಣಗಳನ್ನು ಕುರಿತು ಅವರು ಸರಣಿಯಾಗಿ ಬರೆದ ಸಮೀಕ್ಷೆಗಳು ಈ ವಿಷಯದಲ್ಲಿ ಲೋಕದಾದ್ಯಂತ ಆಧಾರವಾಗಿ ಬಳಕೆಯಾದುವು. ಇಂದು ಯಂತ್ರಗಳು ಕ್ಯಾಪ್ಸೈಸಿನ್ ಮತ್ತು ಅದರ ಬಂಧುದ್ರವ್ಯಗಳ ಪರಿಮಾಣವನ್ನು ನೇರವಾಗಿ ಅಳೆಯುತ್ತವೆ, ಬಂದ ಅಂಕವನ್ನು ಗುಣಿಸಿ ಸ್ಕೋವಿಲ್ ಸಂಖ್ಯೆಗೆ ತಿರುಗಿಸುತ್ತಾರೆ. ಶುದ್ಧವಾದ ಕ್ಯಾಪ್ಸೈಸಿನ್ನಿಗೆ ಈ ಗಣನೆಯಲ್ಲಿ ಸುಮಾರು 1 ಕೋಟಿ 60 ಲಕ್ಷ.

ಈ ಸಂಖ್ಯೆಯ ತಾತ್ಪರ್ಯವನ್ನು ಸರಿಯಾಗಿ ಗ್ರಹಿಸಿದವರು ವಿರಳ. ಗುಂಟೂರಿನ ಸಣ್ಣಂ ಮೆಣಸಿನಕಾಯಿಗೆ 35 ಸಾವಿರದಿಂದ 40 ಸಾವಿರ ಸ್ಕೋವಿಲ್ ಎಂದರೆ, ಅದರ ಒಂದು ಗ್ರಾಂ ಪುಡಿಯ ಖಾರ ನಾಲಗೆಗೆ ತಿಳಿಯದಂತೆ ಮರೆಯಾಗಬೇಕಾದರೆ 35ರಿಂದ 40 ಲೀಟರು, ಅಂದರೆ ಎರಡು ಮೂರು ಕೊಡ, ಸಿಹಿನೀರು ಬೇಕು. ಮೊಹಲ್ಲಾದ ಮದುವೆಮನೆಯ ದೊಡ್ಡ ಹಂಡೆಯ ಗಾತ್ರ ಅದು. ಮುಂದೆ ಹೇಳಲಿರುವ ಪೆಪ್ಪರ್ ಎಕ್ಸ್ ಎಂಬ ತಳಿಯ 26,93,000 ಎಂದರೆ ಗ್ರಾಮಿಗೆ 2,693 ಲೀಟರು. ಮಾಳಿಗೆಯ ಮೇಲೆ ಇಡುವ ಸಾವಿರ ಲೀಟರಿನ ತೊಟ್ಟಿಗಳು ಎರಡೂವರೆ ತುಂಬಿದರೂ ಸಾಲದು. ಆದ್ದರಿಂದ ಸ್ಕೋವಿಲ್ ಸಂಖ್ಯೆಯು ಉರಿಯ ಹೆಗ್ಗಳಿಕೆಗಿಂತ ಮಿಗಿಲಾಗಿ ದುರ್ಬಲೀಕರಣದ ಲೆಕ್ಕ. ಈ ಕಾಯಿಯನ್ನು ಮನುಷ್ಯನಿಗೆ ಸಹ್ಯವಾಗಿ ಮಾಡಲು ಏನನ್ನು, ಎಷ್ಟನ್ನು ಕೂಡಿಸಬೇಕೆಂಬ ಪ್ರಶ್ನೆಯನ್ನು ಅದು ಮುಂದಿಡುತ್ತದೆ. ಆ ಪ್ರಶ್ನೆಗೆ ಸ್ಕೋವಿಲ್ ಸಕ್ಕರೆನೀರಿನಿಂದ ಉತ್ತರ ಕೊಟ್ಟನು. ಮೋಮಿನಪುರದ ಅಡುಗೆಯವರೂ ಕಮಲಾಪುರದ ರೈತಗೃಹಿಣಿಯರೂ ಅನ್ನ, ರೊಟ್ಟಿ, ಶೇಂಗಾ, ಎಳ್ಳು, ಎಣ್ಣೆ, ಮೊಸರುಗಳಿಂದ ಅವನಿಗಿಂತ ಎಷ್ಟೋ ಹಿಂದಿನಿಂದ ಉತ್ತರ ಕೊಡುತ್ತ ಬಂದಿದ್ದಾರೆ. ಇವರ ಜ್ಞಾನವನ್ನು ಕೈಗುಣವೆಂದು ಕರೆದು ಬಿಟ್ಟುಬಿಡುವುದು ವಾಡಿಕೆ. ನಾನು ಅದನ್ನು ಪ್ರಮಾಣಜ್ಞಾನವೆಂದೇ ಕರೆಯಲು ಇಚ್ಛಿಸುತ್ತೇನೆ. ಕಲಬುರಗಿಯ ಯಾವ ಮನೆಯಲ್ಲಾದರೂ ವರ್ಷದ ಖಾರ ಕುಟ್ಟಿಸುವಾಗ ಕೇಳಿನೋಡಿ, ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎನ್ನುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಸುಕ್ಕುಗಟ್ಟಿದ ಕಾಯಿ, 2011ರಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದದ್ದು, ತನ್ನ ಗಾಢವಾದ ಕೆಂಪಿಗಾಗಿ ಪ್ರಸಿದ್ಧ. ಅದರಲ್ಲಿ ಉಗ್ರತೆ ಕಡಮೆ. ಎರಡನ್ನೂ ಮನೆಯವರ ನಾಲಗೆಗೆ ಹೊಂದುವ ಭಾಗದಲ್ಲಿ ಕೂಡಿಸಿ, ಎಣ್ಣೆಯಲ್ಲಿ ಹುರಿದು, ಬೆಳ್ಳುಳ್ಳಿ ಕೊಬ್ಬರಿಗಳನ್ನು ಸೇರಿಸಿ ಕುಟ್ಟಿಸಿದ ಮಸಾಲೆಖಾರದ ಡಬ್ಬಿ ಹನ್ನೆರಡು ತಿಂಗಳೂ ಒಂದೇ ಹದದಲ್ಲಿರುತ್ತದೆ.

ಆ ಹದದ ಆಚೆ, ಕಳೆದ ಕಾಲು ಶತಮಾನದಲ್ಲಿ ಬೇರೊಂದು ಚರಿತ್ರೆ ನಡೆದಿದೆ. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2000ದಲ್ಲಿ ನಮ್ಮ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳ ಒಂದು ಚಿಕ್ಕ ಬರಹ ಬಂದಿತು. ಅಸ್ಸಾಮಿನ ತೇಜಪುರದ ಕಡೆಯ ನಾಗಾ ಮೆಣಸಿನಕಾಯಿಯು 8,55,000 ಸ್ಕೋವಿಲ್ ಉಗ್ರತೆಯನ್ನು ತೋರಿಸಿತೆಂಬುದು ಅದರ ಸಾರ. ಅಲ್ಲಿಯವರೆಗೆ ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿಲ್ಲದ ಹೊರಜಗತ್ತು ಮೊದಲು ಸಂದೇಹಪಟ್ಟಿತು. ಬಾಸ್‌ಲ್ಯಾಂಡರು ಬೀಜಗಳನ್ನು ತರಿಸಿಕೊಂಡು ಹಲವು ವರ್ಷ ಬೆಳೆದು ಪರೀಕ್ಷಿಸಿದಾಗ 10,01,304 ಬಂದಿತು; 2007ರಲ್ಲಿ ಭೂತ್ ಜೊಲೊಕಿಯಾ ಎಂಬ ಹೆಸರಿನಲ್ಲಿ ಅದು ಗಿನ್ನೆಸ್ ದಾಖಲೆಯನ್ನು ಸೇರಿತು. ಹತ್ತು ಲಕ್ಷದ ಗಡಿಯನ್ನು ದಾಟಿದ ಮೊದಲ ಮೆಣಸಿನಕಾಯಿ ಅದು, ಮತ್ತು ಅದು ಯಾವುದೋ ತಳಿಶಾಸ್ತ್ರಜ್ಞನ ಸೃಷ್ಟಿಯಾಗಿರದೆ ಈಶಾನ್ಯದ ಕೃಷಿಕರ ಹಿತ್ತಲಿನಲ್ಲಿ ತಲೆಮಾರುಗಳಿಂದ ಉಳಿದುಬಂದಿದ್ದುದು. ಅನಂತರ ಪೈಪೋಟಿ ಬೆಳೆಯಿತು. ಇಂಗ್ಲೆಂಡಿನವರು, ಆಸ್ಟ್ರೇಲಿಯದವರು, ಟ್ರಿನಿಡಾಡಿನ ತಳಿಗಳನ್ನು ಹಿಡಿದವರು ಒಬ್ಬರನ್ನೊಬ್ಬರು ಮೀರಿದ ಮೇಲೆ, ಅಮೆರಿಕದ ದಕ್ಷಿಣ ಕೆರೊಲಿನದ ಎಡ್ ಕರಿ ಎಂಬವರ ಕೆರೊಲಿನ ರೀಪರ್ 2013ರಲ್ಲಿ ಅಗ್ರಸ್ಥಾನವನ್ನು ಪಡೆದು, 2017ರಲ್ಲಿ 16,41,183ಕ್ಕೆ ಏರಿ, 2023ರಲ್ಲಿ ಅವರದೇ ಪೆಪ್ಪರ್ ಎಕ್ಸ್‌ಗೆ 26,93,000 ಸಂಖ್ಯೆಯೊಡನೆ ಸ್ಥಾನವನ್ನು ಬಿಟ್ಟುಕೊಟ್ಟಿತು.

ತಳಿಸಂವರ್ಧನೆಯ ದೃಷ್ಟಿಯಿಂದ ಇದು ಅಸಾಧಾರಣವಾದ ಸಾಧನೆ, ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಕ್ಯಾಪ್ಸೈಸಿನ್ನಿನಿಂದ ಉಪಕಾರವಾದವರೂ ಬಹುಮಂದಿ: ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯುವ ನರದ ನೋವಿಗೆ ಶೇಕಡ 8 ಪ್ರಮಾಣದ ಕ್ಯಾಪ್ಸೈಸಿನ್ ಪಟ್ಟಿಯನ್ನು ವೈದ್ಯರು ಅಂಟಿಸುತ್ತಾರೆ, 2009ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪದೇಪದೇ ಅಥವಾ ತೀವ್ರವಾಗಿ ಉದ್ರೇಕಗೊಂಡ ನರತಂತು ಕ್ರಮೇಣ ಸಂವೇದನೆಯನ್ನು ಕಳೆದುಕೊಳ್ಳುತ್ತದೆಂಬ, ಹಂಗೆರಿಯ ಮಿಕ್ಲೋಶ್ ಯಾಂಚೊ 1940ರ ದಶಕದಲ್ಲಿ ಗಮನಿಸಿದ ತತ್ತ್ವ ಅದರ ಆಧಾರ. ಕಲಬುರಗಿಯ ಮಗು ಬಾಲ್ಯದಿಂದಲೇ ಮೆಲ್ಲಮೆಲ್ಲನೆ ಖಾರಕ್ಕೆ ಒಗ್ಗಿಕೊಳ್ಳುವುದಕ್ಕೂ ಇದೇ ತತ್ತ್ವ ಬಹುಪಾಲು ಕಾರಣ.

ಆದರೆ ಒಗ್ಗಿಕೊಳ್ಳುವುದಕ್ಕೂ ಎದೆಗಾರಿಕೆಯ ಪಂದ್ಯಕ್ಕೂ ಅಂತರವಿದೆ, ಮತ್ತು ನನ್ನ ಕಳವಳವೆಲ್ಲ ಈ ಎರಡನೆಯದನ್ನು ಕುರಿತು. ಅತ್ಯುಗ್ರ ಮೆಣಸಿನಕಾಯಿಯನ್ನು ಯಾವುದೂ ಬೆರೆಸದೆ, ಬರಿಯ ಬಾಯಿಯಲ್ಲಿ, ಕ್ಯಾಮೆರಾದ ಮುಂದೆ ತಿನ್ನುವ ಆಟ ಮೊಬೈಲ್ ಫೋನುಗಳ ಮೂಲಕ ನಮ್ಮ ಜಿಲ್ಲೆಯ ಹುಡುಗರ ಕಣ್ಣಿಗೂ ಬೀಳುತ್ತಿದೆ. ಅಂಥ ಪುಡಿಗಳನ್ನೂ ಗೊಜ್ಜುಗಳನ್ನೂ ಮನೆಬಾಗಿಲಿಗೆ ತರಿಸಿಕೊಳ್ಳುವುದು ಇಂದು ಕಷ್ಟವಲ್ಲ. 2018ರಲ್ಲಿ ಬ್ರಿಟನ್ನಿನ ಒಂದು ವೈದ್ಯಪತ್ರಿಕೆಯಲ್ಲಿ ವರದಿಯಾದಂತೆ, ಅಮೆರಿಕದಲ್ಲಿ 34 ವರ್ಷದ ಒಬ್ಬ ಪುರುಷನು ಸ್ಪರ್ಧೆಯಲ್ಲಿ ಒಂದು ಕೆರೊಲಿನ ರೀಪರನ್ನು ತಿಂದ ಮೇಲೆ ಸಿಡಿಲು ಬಡಿದಂಥ ತಲೆನೋವುಗಳಿಂದ ಆಸ್ಪತ್ರೆ ಸೇರಿದನು. ಅವನ ಮಿದುಳಿನ ಕೆಲವು ರಕ್ತನಾಳಗಳು ಸಂಕುಚಿತವಾಗಿದ್ದುವು, ಕೆಲವು ವಾರಗಳ ತರುವಾಯ ಸರಿಹೋದುವು. 2023ರ ಸೆಪ್ಟೆಂಬರಿನಲ್ಲಿ ಮ್ಯಾಸಚೂಸೆಟ್ಸಿನಲ್ಲಿ ನಡೆದುದು ಇನ್ನೂ ದಾರುಣವಾದುದು. ಅತ್ಯುಗ್ರ ತಳಿಗಳ ಪುಡಿ ಲೇಪಿಸಿದ ಒಂದೇ ಒಂದು ಚಿಪ್ಸನ್ನು ಪಂಥಕ್ಕಾಗಿ ತಿಂದ 14 ವರ್ಷದ ಬಾಲಕನು ಅಂದೇ ತೀರಿಕೊಂಡನು. ಅಪಾರ ಪ್ರಮಾಣದ ಕ್ಯಾಪ್ಸೈಸಿನ್ ಸೇವನೆಯ ಸನ್ನಿವೇಶದಲ್ಲಿ ಹೃದಯ ನಿಂತುಹೋಯಿತೆಂದು ಶವಪರೀಕ್ಷೆ ತಿಳಿಸಿತು. ಅವನ ಹೃದಯದಲ್ಲಿ ಹುಟ್ಟಿನಿಂದ ಒಂದು ನ್ಯೂನತೆಯಿತ್ತೆಂಬುದೂ ಆ ವರದಿಯಲ್ಲಿದೆ; ಅದು ಸಾಂತ್ವನವಲ್ಲ, ಏತಕ್ಕೆಂದರೆ ತನ್ನ ಹೃದಯದ ಒಳಗುಟ್ಟನ್ನು ಯಾವ ಬಾಲಕ ಬಲ್ಲ? ತಯಾರಕರು ಆ ಪದಾರ್ಥವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಡೆನ್ಮಾರ್ಕಿನ ಆಹಾರ ಇಲಾಖೆ 2024ರ ಜೂನಿನಲ್ಲಿ ಕೊರಿಯದ ಮೂರು ಬಗೆಯ ಶಾವಿಗೆಪೊಟ್ಟಣಗಳನ್ನು ಕ್ಯಾಪ್ಸೈಸಿನ್ ಅತಿಯಾಯಿತೆಂಬ ಕಾರಣದಿಂದ ತಡೆಹಿಡಿದು, ಮರುಪರಿಶೀಲನೆಯ ಮೇಲೆ ಎರಡನ್ನು ಬಿಟ್ಟಿತು. ನಮ್ಮಲ್ಲಿಯೂ ಇಂಥ ಪದಾರ್ಥಗಳ ಪೊಟ್ಟಣದ ಮೇಲೆ ಸ್ಕೋವಿಲ್ ಸಂಖ್ಯೆಯೂ, ಮಕ್ಕಳಿಗೆ ಕೊಡಲಾಗದೆಂಬ ಎಚ್ಚರಿಕೆಯೂ, ಎಷ್ಟು ಅಡುಗೆಗೆ ಎಷ್ಟು ಬೆರೆಸಬೇಕೆಂಬ ಅಳತೆಯೂ ಕನ್ನಡದಲ್ಲಿ ಮುದ್ರಿತವಾಗಿರಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಎದೆನೋವು, ಉಸಿರಾಟದ ತೊಂದರೆ, ಹಠಾತ್ತಾದ ತೀವ್ರ ತಲೆನೋವು ಕಂಡಲ್ಲಿ ಮೊಸರಿಗಾಗಿ ಹುಡುಕುತ್ತ ಕುಳಿತಿರದೆ ವೈದ್ಯರಲ್ಲಿಗೆ ಹೋಗಬೇಕು.

ಈ ಕಾಯಿಗಳನ್ನು ತಲೆಮಾರುಗಳಿಂದ ಬೆಳೆದವರು ಅವನ್ನು ತಿನ್ನುವ ಕ್ರಮವೇ ಬೇರೆ. ಅಸ್ಸಾಮಿನ ಮನೆಗಳಲ್ಲಿ ಭೂತ್ ಜೊಲೊಕಿಯವನ್ನು ಸಾಸಿವೆ ಎಣ್ಣೆಯಲ್ಲಿ ಹಾಕಿಟ್ಟು ಅದರ ಚೂರನ್ನೋ, ಎಣ್ಣೆಯ ತೊಟ್ಟನ್ನೋ ಅನ್ನಕ್ಕೆ ಬಳಸುತ್ತಾರೆ. ನಾಗಾಲ್ಯಾಂಡಿನಲ್ಲಿ ಮಾಂಸದ ಅಡುಗೆಗೆ ಅದನ್ನು ಬೆರೆಸುವುದು ಮಿತವಾಗಿ. 2008ರಲ್ಲಿ ‘ನಾಗಾ ಮಿರ್ಚಾ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದ ಈ ಕಾಯಿಯನ್ನು ಬೆಳೆಯುವ ಆ ಜನರೂ, ಸಾಲನ್ ಮಾಡುವ ನಮ್ಮ ಮೊಹಲ್ಲಾದವರೂ, ಪರಸ್ಪರ ಪರಿಚಯವಿಲ್ಲದೆಯೇ, ಎಣ್ಣೆಯಲ್ಲಿ ಕರಗಿಸಿ ಅನ್ನದಲ್ಲಿ ಹರಡುವ ಒಂದೇ ನಿರ್ಣಯಕ್ಕೆ ಬಂದು ನಿಂತಿದ್ದಾರೆ.

ಕುತೂಹಲದಿಂದ ಇಂಥ ಗಿಡವೊಂದನ್ನು ಕಲಬುರಗಿಯ ಅಂಗಳದಲ್ಲಿ ಬೆಳೆಸಬೇಕೆನ್ನುವವರಿಗೆ ಒಂದು ಮಾತು. ತೇಜಪುರದ ಈ ಮೆಣಸಿನಕಾಯಿಯನ್ನು ಮಧ್ಯಭಾರತದ ಗ್ವಾಲಿಯರಿನಲ್ಲಿ ಬೆಳೆದುನೋಡಿದಾಗ ಅಲ್ಲಿನ ಶುಷ್ಕವಾದ ಬಿಸಿಲಿನಲ್ಲಿ ಅದರ ಉಗ್ರತೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬಿಸಿಲು ಹೆಚ್ಚಿದಷ್ಟೂ ಖಾರ ಹೆಚ್ಚುವುದೆಂಬ ಸಾಮಾನ್ಯ ನಂಬಿಕೆ ಈ ಜಾತಿಯ ಮಟ್ಟಿಗೆ ಹುಸಿಯಾಯಿತು. ಮಳೆಯೂ ತೇವವೂ ನೆರಳೂ ಉಳ್ಳ ಕೊಡಗಿನ ತೋಟ ಅದಕ್ಕೆ ನಮ್ಮ ಕರಿಯ ಹೊಲಕ್ಕಿಂತ ಹೊಂದುವ ಸ್ಥಳ. ಇಲ್ಲಿ ಬೆಳೆಸುವುದಾದರೆ ಮಳೆಗಾಲದ ಮೊದಲಲ್ಲಿ ಕುಂಡದಲ್ಲಿ ನೆಟ್ಟು, ಮಧ್ಯಾಹ್ನದ ಬಿಸಿಲಿಗೆ ಮರೆಮಾಡಿ, ಬೇಸಗೆ ಬರುವ ಮುನ್ನವೇ ಹಣ್ಣನ್ನು ಕೊಯ್ದುಕೊಳ್ಳುವುದು ಲೇಸು. ಕೊಯ್ಯುವಾಗ ಕೈಗವಸು ತೊಟ್ಟಿರಬೇಕು. ಹೆಚ್ಚಿದ ಕೈಯನ್ನು ಮೊದಲು ಕುಸುಬೆ ಅಥವಾ ಶೇಂಗಾ ಎಣ್ಣೆಯಿಂದ ಉಜ್ಜಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಆ ದಿನ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವ ಮುನ್ನ, ಕಣ್ಣು ಮುಟ್ಟಿಕೊಳ್ಳುವ ಮುನ್ನ ಇನ್ನೊಮ್ಮೆ ತೊಳೆದುಕೊಳ್ಳುವುದು ಒಳ್ಳೆಯದು.